ಏಳು ಸುತ್ತಿನ ದುರ್ಗ, 2190: ಪಾತ್ರಗಳ ಗುರುತಿನ ಸಂಖ್ಯೆಯೊಳಗೆ ಏನನ್ನು ಬರೆಯಬೇಕು?

ದುರ್ಗದ ದಾಳ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ವಿದ್ಯಾನಗರದ ಒಂದು ಮನೆಯ ಮಹಡಿಯಲ್ಲಿ ನಾವು ಆರು ಜನ ಭಾನುವಾರ ಮಧ್ಯಾಹ್ನ ಸೇರಿ, ಪಾತ್ರ ವಹಿಸಿ ಆಡುವ ಆಟವೊಂದನ್ನು ನಡೆಸುತ್ತಿದ್ದೇವೆ. ಕಂಪ್ಯೂಟರ್ ಇಲ್ಲ. ಕಾಗದ, ಪೆನ್ಸಿಲ್, ಇಪ್ಪತ್ತು ಮುಖದ ದಾಳ, ನಡುವೆ ಒಂದು ತಟ್ಟೆ ಖಾರ ಮಂಡಕ್ಕಿ, ಅಷ್ಟೇ. ಸೂತ್ರಧಾರ ನಾನು. ಕಥೆ ನಡೆಯುವುದು 2190ರ ಚಿತ್ರದುರ್ಗದಲ್ಲಿ. ಚಳ್ಳಕೆರೆಯ ಬಯಲು ಆಗ ಆಕಾಶನೌಕೆಗಳ ಬಂದರು. ಇದು ತೀರಾ ಗಾಳಿಯಲ್ಲಿ ಕಟ್ಟಿದ ಮಾತಲ್ಲ. ಇಸ್ರೋದ ರೆಕ್ಕೆಯುಳ್ಳ ಮರುಬಳಕೆ ವಾಹನ 2023ರ ಏಪ್ರಿಲ್ 2ರಂದು ತಾನಾಗಿಯೇ ಬಂದು ಇಳಿದದ್ದು ಚಳ್ಳಕೆರೆ ಬಳಿಯ ಓಡುದಾರಿಯ ಮೇಲೆ.

ನಮ್ಮ ಕಥೆಯಲ್ಲಿ ಏಳು ಸುತ್ತಿನ ಕೋಟೆ ಮತ್ತೆ ಊರಾಗಿದೆ. ಮೇಲಿನ ಸುತ್ತುಗಳಲ್ಲಿ ಬಂದರಿನ ಅಧಿಕಾರಿಗಳು, ಕೆಳಗಿನ ಸುತ್ತುಗಳಲ್ಲಿ ದುಡಿಯುವವರು. ಪ್ರತಿಯೊಬ್ಬರ ಮಣಿಕಟ್ಟಿನ ಚರ್ಮದಡಿಯಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಚಿಪ್ ಇದೆ. ಪ್ರತಿ ಬಾಗಿಲಿನಲ್ಲಿಯೂ ಅದನ್ನು ಓದುವ ಯಂತ್ರವಿದೆ. ಚಿಪ್ಪಿನಲ್ಲಿರುವ ಸಂಖ್ಯೆಗೆ 18 ಅಂಕಿ: ಹುಟ್ಟಿದ ಸ್ಥಳಕ್ಕೆ 3, ಹುಟ್ಟಿದ ದಿನಾಂಕಕ್ಕೆ 8, ಲಿಂಗಕ್ಕೆ 1, ವಂಶಕ್ಕೆ 2, ಸರದಿಗೆ 3, ತಾಳೆ ನೋಡಲು 1. ಇದನ್ನು ರೂಪಿಸಲು ಎರಡು ರಾತ್ರಿ ಕುಳಿತಿದ್ದೆ. ಸ್ವೀಡನ್ 1947ರಿಂದಲೂ ತನ್ನ ಜನರಿಗೆ ಹುಟ್ಟಿದ ದಿನಾಂಕವನ್ನೇ ಒಳಗಿಟ್ಟ ಸಂಖ್ಯೆ ಕೊಡುತ್ತಿದೆ ಎಂದು ಓದಿದ್ದೇ ಇದಕ್ಕೆ ಪ್ರೇರಣೆ.

ಮೂರನೆಯ ವಾರ ಆದದ್ದು ಇದು. ನಮ್ಮ ಗುಂಪಿನ ಕಿರಿಯಳು ಬಿಎಸ್ಸಿ ಓದುತ್ತಿರುವ ಹುಡುಗಿ. ಅವಳ ಪಾತ್ರ ಜೋಗಿಮಟ್ಟಿಯ ಗಾಳಿಯಂತ್ರಗಳನ್ನು ಹತ್ತಿ ದುರಸ್ತಿ ಮಾಡುವ ಕೆಲಸಗಾರ್ತಿ. ಐದನೆಯ ಬಾಗಿಲಿನಲ್ಲಿ ಕಾವಲುಗಾರನಿಗೆ ಏನು ಹೇಳಬೇಕೆಂದು ಅವಳು ಮನೆಯಿಂದಲೇ ಯೋಚಿಸಿಕೊಂಡು ಬಂದಿದ್ದಳು. ಯಂತ್ರ ಸಂಖ್ಯೆಯನ್ನು ಓದಿತು. ನಾನು ನಿಯಮದಂತೆ, ‘ನೀನು ಕೆಳಸುತ್ತಿನವಳು, ಇಂಥ ವಂಶದವಳು ಎಂದು ಅವನಿಗೆ ತಿಳಿಯಿತು, ಬಾಗಿಲು ತೆರೆಯುವುದಿಲ್ಲ’ ಎಂದೆ. ಅವಳು ಕೈಯಲ್ಲಿದ್ದ ದಾಳವನ್ನು ಮೇಜಿನ ಮೇಲಿಟ್ಟು, ‘ಅಣ್ಣ, ನಾನು ಇನ್ನೂ ಬಾಯಿಯನ್ನೇ ತೆರೆದಿರಲಿಲ್ಲ’ ಎಂದಳು. ಆಮೇಲೆ ಆಟ ಮುಗಿಯುವವರೆಗೂ ಹೆಚ್ಚು ಮಾತನಾಡಲಿಲ್ಲ.

ಆ ಮಾತು ನನ್ನನ್ನು ಬಿಟ್ಟಿಲ್ಲ. ಸಂಖ್ಯೆಯೊಳಗೆ ಇಷ್ಟೆಲ್ಲ ತುಂಬುವುದು ಸರಿಯೇ? ತೆಗೆದರೆ ಆಟದ ಲೋಕ ಸಪ್ಪೆಯಾಗುತ್ತದೆಯೇ? ಅನುಭವಸ್ಥರು ದಯವಿಟ್ಟು ಹೇಳಿ.

ಮಿರ್ಚಿ ಮಂಡಕ್ಕಿ

ತೆಗೆಯಬೇಡಿ. ಸಂಖ್ಯೆಯನ್ನು ಬಿಡಿಸಿ ಓದುವುದೇ ಇಂಥ ಆಟದ ಅರ್ಧ ಸಂತೋಷ. ರಸ್ತೆಯಲ್ಲಿ ಕೆಎ 16 ಕಂಡರೆ ಚಿತ್ರದುರ್ಗ, ಕೆಎ 17 ಕಂಡರೆ ದಾವಣಗೆರೆ ಎಂದು ನಾವು ಚಿಕ್ಕಂದಿನಿಂದ ಓದಿದವರಲ್ಲವೇ? ಬೆಂಗಳೂರಿನ ದಟ್ಟಣೆಯಲ್ಲಿ ಸಿಕ್ಕಿಕೊಂಡಾಗ ಮುಂದಿನ ಕಾರಿನ ಮೇಲೆ 17 ಕಂಡರೆ ಮನಸ್ಸಿಗೆ ಆಗುವ ಹಿತವೇ ಬೇರೆ. ಪ್ಯಾನ್ ಕಾರ್ಡ್ ತೆಗೆದುಕೊಳ್ಳಿ: ನಾಲ್ಕನೆಯ ಅಕ್ಷರ ‘ಪಿ’ ಇದ್ದರೆ ವ್ಯಕ್ತಿ, ‘ಸಿ’ ಇದ್ದರೆ ಕಂಪನಿ, ವ್ಯಕ್ತಿಯಾದರೆ ಐದನೆಯದು ಅವರ ಕೊನೆಯ ಹೆಸರಿನ ಮೊದಲಕ್ಷರ. ಒಳಗೆ ಏನೂ ಇಲ್ಲದ ಸಂಖ್ಯೆಯನ್ನು ಆಟಗಾರರು ಹಾಳೆಯ ಮೂಲೆಯಲ್ಲಿ ಬರೆದು ಮರೆತುಬಿಡುತ್ತಾರೆ. ನನ್ನ ಗುಂಪಿನಲ್ಲಿ ಹಾಗೆಯೇ ಆಯಿತು.

ಅಂಚೆಯಣ್ಣ

ನಾನು ಅಂಚೆ ವಿಂಗಡಣೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ಆಟ ನನಗೆ ತಿಳಿಯದು, ಮೊಮ್ಮಗ ಓದಿ ತೋರಿಸಿದ. ಆದರೆ ಒಳಗೆ ಊರನ್ನು ಇಟ್ಟುಕೊಂಡ ಸಂಖ್ಯೆಗಳ ಜೊತೆಯಲ್ಲೇ ನನ್ನ ಆಯುಷ್ಯ ಕಳೆದಿದೆ.

ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಆರು ಅಂಕಿ. ಮೊದಲನೆಯದು ವಲಯ, 5 ಎಂದರೆ ನಮ್ಮ ಕರ್ನಾಟಕ, ಆಂಧ್ರ, ತೆಲಂಗಾಣ. ಮೊದಲ ಮೂರು ಅಂಕಿ ವಿಂಗಡಣೆಯ ಜಿಲ್ಲೆ, ಕೊನೆಯ ಮೂರು ಅಂಚೆ ಕಚೇರಿ. ದಾವಣಗೆರೆ 577001, ಚಿಕ್ಕಮಗಳೂರು 577101, ಶಿವಮೊಗ್ಗ 577201, ಚಿತ್ರದುರ್ಗ 577501. ನಾಲ್ಕು ಊರು, ನಾಲ್ಕು ಜಿಲ್ಲೆ, ಒಂದೇ 577. ಕೈಯಲ್ಲಿ ಕಟ್ಟು ಹಿಡಿದು ನಿಂತರೆ ಕಣ್ಣು ವಿಳಾಸವನ್ನು ಓದುತ್ತಲೇ ಇರಲಿಲ್ಲ, ಬೆರಳು ತಾನಾಗಿಯೇ ಗೂಡಿಗೆ ಹೋಗುತ್ತಿತ್ತು.

1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾದಾಗ ಪಿನ್ ಕೋಡಿನ ಒಂದು ಅಂಕಿಯೂ ಅಲುಗಲಿಲ್ಲ. ಏಕೆಂದರೆ ಆ ಸಂಖ್ಯೆ ಹಿಡಿದದ್ದು ಟಪಾಲು ಹೋಗುವ ದಾರಿಯನ್ನು, ಜಿಲ್ಲಾಧಿಕಾರಿಯ ಗಡಿಯನ್ನಲ್ಲ. ಕಾಗದಕ್ಕೆ ಊರು ಬೇಕು, ಇಲ್ಲದಿದ್ದರೆ ತಲುಪುವುದಿಲ್ಲ. ಆದರೆ ಕಾಗದ ಒಂದು ಸಲ ತಲುಪಿದರೆ ಅದರ ಕೆಲಸ ಮುಗಿಯಿತು. ನಿಮ್ಮ ಗಾಳಿಯಂತ್ರದ ಹುಡುಗಿ ಬದುಕಿಡೀ ಊರಿಂದೂರಿಗೆ ಹೋಗುವವಳು. ಅವಳ ಮೈಮೇಲೆ ಹೊರಟ ಊರಿನ ಮುದ್ರೆಯನ್ನು ಏಕೆ ಒತ್ತುತ್ತೀರಿ?

ಹರಪನಹಳ್ಳಿ ಮಗಳು

ಅಂಚೆಯಣ್ಣ ಸರ್ ಜಿಲ್ಲೆಯ ಮಾತು ತೆಗೆದರು, ಹಾಗಾಗಿ ಬರೆಯಲೇಬೇಕಾಯಿತು.

ನನ್ನ ತಾಯಿ ಹುಟ್ಟಿದ್ದು ಹರಪನಹಳ್ಳಿಯಲ್ಲಿ. ಆಗ ಅದು ಬಳ್ಳಾರಿ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. ಮುಂದೆ ಮತ್ತೆ ಬಳ್ಳಾರಿಗೆ ಹೋಯಿತು. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಈ ನಡುವೆ ಅಜ್ಜಿಯ ಮನೆಯ ಹೊಸ್ತಿಲು ಒಂದು ಅಂಗುಲವೂ ಸರಿದಿಲ್ಲ. ಎದುರಿನ ಬೇವಿನ ಮರವೂ ಅದೇ.

ಎರಡು ವರ್ಷದ ಹಿಂದೆ ತಾಯಿಯ ಒಂದು ಸವಲತ್ತಿಗಾಗಿ ಕಚೇರಿಯೊಂದಕ್ಕೆ ಅಲೆದೆ. ಕಚೇರಿಯ ಹೆಸರು ಬೇಡ. ಶಾಲೆಯ ದಾಖಲೆಯಲ್ಲಿ ಬಳ್ಳಾರಿ, ನಡುವೆ ಮಾಡಿಸಿದ ಒಂದು ಪ್ರಮಾಣಪತ್ರದಲ್ಲಿ ದಾವಣಗೆರೆ, ಹೊಸ ಕಾಗದದಲ್ಲಿ ವಿಜಯನಗರ. ಕಿಟಕಿಯ ಆಚೆ ಕುಳಿತಿದ್ದ ಹುಡುಗ ಒಳ್ಳೆಯವನು. ಪರದೆಯನ್ನು ನನ್ನ ಕಡೆ ತಿರುಗಿಸಿ, ‘ಮೇಡಂ, ಜಿಲ್ಲೆ ಆರಿಸುವ ಕಡೆ ಒಂದೇ ಬರುತ್ತದೆ, ನಾನು ಯಾವುದನ್ನು ಒತ್ತಲಿ, ನೀವೇ ಹೇಳಿ’ ಎಂದ. ತಾಯಿ ಪಕ್ಕದಲ್ಲಿಯೇ ನಿಂತಿದ್ದರು. ‘ಅಪ್ಪಾ, ನಾನು ಒಂದೇ ಮನೆಯಲ್ಲಿ ಹುಟ್ಟಿದ್ದು’ ಎಂದರು. ಮೂರು ಸಲ ಹೋದೆವು. ಮೂರನೆಯ ಸಲ ಅಫಿಡವಿಟ್ ಮಾಡಿಸಿಕೊಂಡು ಹೋದೆವು. ತಾನು ಹುಟ್ಟಿದ ಊರು ತನ್ನದೇ ಎಂದು ಎಪ್ಪತ್ತು ದಾಟಿದ ಹೆಂಗಸು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಬೇಕಾಯಿತು.

ಇದು ಅರ್ಜಿಯಲ್ಲಿದ್ದ ಒಂದು ಖಾನೆಯ ಪಾಡು. ಖಾನೆಯನ್ನಾದರೂ ತಿದ್ದಬಹುದು. ಅದೇ ಜಿಲ್ಲೆಯನ್ನು ಅವರ ಗುರುತಿನ ಸಂಖ್ಯೆಯ ಮೊದಲ ಮೂರು ಅಂಕಿಯಾಗಿ ಬರೆದಿದ್ದರೆ? ತಿದ್ದಬೇಕೆಂದರೆ ಸಂಖ್ಯೆಯನ್ನೇ ಬದಲಿಸಬೇಕು. ಬದಲಿಸಿದರೆ ಬ್ಯಾಂಕು, ಪಡಿತರ, ಆಸ್ಪತ್ರೆ ಎಲ್ಲ ಕಡೆಯೂ ಅವರು ಹೊಸ ಮನುಷ್ಯರು. ಸೂತ್ರಧಾರರೇ, ನಿಮ್ಮ 2190ರವರೆಗೆ ಇನ್ನೆಷ್ಟು ಜಿಲ್ಲೆಗಳು ಒಡೆಯುತ್ತವೆಯೋ ಕೂಡುತ್ತವೆಯೋ. ನಿಮ್ಮ ‘3 ಅಂಕಿ’ ಯಾವ ವರ್ಷದ ನಕ್ಷೆಯಂತೆ?

ದುರ್ಗದ ದಾಳ

ಅಕ್ಕ, ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ನನ್ನ ಜನನ ಪತ್ರವನ್ನು ಈಗ ತೆಗೆದು ನೋಡಿದೆ. ಹುಟ್ಟಿದ್ದು ದಾವಣಗೆರೆ ಪೇಟೆಯಲ್ಲಿ, 1994ರಲ್ಲಿ. ಅದರಲ್ಲಿರುವುದು ‘ಜಿಲ್ಲೆ: ಚಿತ್ರದುರ್ಗ’.

ಚಂದ್ರವಳ್ಳಿ

ನಾನು ಇತಿಹಾಸದ ಅಧ್ಯಾಪಕಿ, ಚಿತ್ರದುರ್ಗ. ಎರಡು ದಿನದಿಂದ ಓದುತ್ತಿದ್ದೇನೆ. ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ಹರಪನಹಳ್ಳಿಯ ಅಕ್ಕ ಹೇಳಿದ್ದು ಸುದ್ದಿ ಹಳಸಿಹೋಗುವ ತೊಂದರೆ. ಹಳಸದೆ ನಿಜವಾಗಿಯೇ ಉಳಿಯುವ ಸುದ್ದಿಯಿಂದ ಇದಕ್ಕಿಂತ ದೊಡ್ಡ ತೊಂದರೆಯಾಗಿದೆ.

ದಕ್ಷಿಣ ಕೊರಿಯಾ 1968ರಲ್ಲಿ ನಿವಾಸಿಗಳ ಸಂಖ್ಯೆಯನ್ನು ತಂದಿತು. ಆ ವರ್ಷದ ಜನವರಿಯಲ್ಲಿ ಉತ್ತರದ ಸೈನಿಕರು ಅಧ್ಯಕ್ಷರ ಭವನದ ಮೇಲೆ ದಾಳಿಗೆ ಬಂದಿದ್ದರು. ಗೂಢಚಾರರನ್ನು ಬೇರ್ಪಡಿಸಿ ಗುರುತಿಸಬೇಕು ಎಂಬುದು ಉದ್ದೇಶ. ಈಗಿರುವ ಸಂಖ್ಯೆಗೆ 13 ಅಂಕಿ. ಮೊದಲ ಆರು ಹುಟ್ಟಿದ ದಿನ, ಏಳನೆಯದು ಲಿಂಗ, ಮುಂದಿನ ಕೆಲವು 2020ರವರೆಗೆ ನೋಂದಣಿಯಾದ ಊರಿನವಾಗಿದ್ದವು. ಹೆಚ್ಚು ಕಡಿಮೆ ನಿಮ್ಮ 18 ಅಂಕಿಯ ನಕ್ಷೆಯೇ. ಉತ್ತರ ಕೊರಿಯಾದಿಂದ ಜೀವ ಕೈಯಲ್ಲಿ ಹಿಡಿದು ತಪ್ಪಿಸಿಕೊಂಡು ಬಂದವರು ಮೊದಲು ಉಳಿಯುವ ಪುನರ್ವಸತಿ ಕೇಂದ್ರ ಆನ್ಸಂಗ್ ಎಂಬ ಊರಿನಲ್ಲಿದೆ. ಅವರಿಗೆ ಅಲ್ಲಿಯೇ ಸಂಖ್ಯೆ ಸಿಗುತ್ತಿತ್ತು, ಅದರಲ್ಲಿ ಅಲ್ಲಿಯ ಊರಿನ ಅಂಕಿಯೇ ಇರುತ್ತಿತ್ತು. ಹೀಗಾಗಿ ಆ ಅಂಕಿ ಕಂಡರೆ ಸಾಕು, ಇವರು ಓಡಿಬಂದವರು ಎಂದು ತಿಳಿಯುತ್ತಿತ್ತು. ಚೀನಾಕ್ಕೆ ಹೋಗಲು ವೀಸಾ ಕೇಳಿದರೆ ಸಿಗುತ್ತಿರಲಿಲ್ಲ. ಅದೇ ಅಂಕಿಯನ್ನು ಹೊತ್ತಿದ್ದ ಸುತ್ತಮುತ್ತಲಿನ ಸಾಮಾನ್ಯ ಜನರಿಗೂ ಅದೇ ಪಾಡಾಯಿತು. 2020ರ ಅಕ್ಟೋಬರ್‌ನಿಂದ ಹೊಸ ಸಂಖ್ಯೆಗಳಲ್ಲಿ ಊರಿನ ಅಂಕಿಯನ್ನೇ ಕೈಬಿಟ್ಟರು.

ಫ್ರಾನ್ಸಿನ ಸಂಖ್ಯೆ ಇಂದಿಗೂ ಗಂಡಸಿಗೆ 1ರಿಂದ, ಹೆಂಗಸಿಗೆ 2ರಿಂದ ಆರಂಭವಾಗುತ್ತದೆ. ಅದರ ಮೂಲ ರೂಪವನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಿದ್ಧಪಡಿಸಿದವರು ರೆನೆ ಕಾರ್ಮಿಲ್. ಫ್ರಾನ್ಸಿನ ಆಳ್ವಿಕೆಯಲ್ಲಿದ್ದ ಆಲ್ಜೀರಿಯಾದಲ್ಲಿ ಅದೇ ಮೊದಲ ಅಂಕಿಗೆ 2ಕ್ಕಿಂತ ಹೆಚ್ಚಿನ ಬೆಲೆಗಳನ್ನು ಕೊಟ್ಟು ಮುಸ್ಲಿಮರನ್ನು, ಯಹೂದಿಗಳನ್ನು ಬೇರೆಯಾಗಿ ಎಣಿಸಿದರು. ಕಾರ್ಮಿಲ್ ನಾಜಿಗಳ ವಿರುದ್ಧ ಗುಟ್ಟಾಗಿ ಕೆಲಸ ಮಾಡಿ ಸಿಕ್ಕಿಬಿದ್ದು, 1945ರಲ್ಲಿ ಡಾಖಾವ್ ಶಿಬಿರದಲ್ಲಿ ತೀರಿಕೊಂಡರು. ಅವರು ತೀರಿಕೊಂಡರು, ಆ ಮೊದಲ ಅಂಕಿ ಈಗಲೂ ನಡೆಯುತ್ತಿದೆ.

ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಕಾಲದ ಸಂಖ್ಯೆ ಜನಾಂಗವನ್ನೂ ಹೇಳುತ್ತಿತ್ತು. ರುವಾಂಡಾದಲ್ಲಿ ಸಂಖ್ಯೆಯಲ್ಲಲ್ಲ, ಗುರುತಿನ ಚೀಟಿಯ ಮೇಲೆಯೇ ಹುಟು, ಟುಟ್ಸಿ ಎಂದು ಬರೆದಿರುತ್ತಿತ್ತು. 1994ರಲ್ಲಿ ರಸ್ತೆಗೆ ಅಡ್ಡಗಟ್ಟಿ ನಿಂತವರು ಕೇಳಿದ್ದು ಆ ಚೀಟಿಯನ್ನು. ತರಗತಿಯಲ್ಲಿ ಈ ಪಾಠ ಮಾಡುವ ದಿನ ನನ್ನ ಧ್ವನಿ ಪ್ರತಿ ವರ್ಷವೂ ಒಡೆಯುತ್ತದೆ.

ನಿಮ್ಮ ಬಾಗಿಲ ಯಂತ್ರ ಆ ಹುಡುಗಿಯ ವಂಶವನ್ನು ಓದಿತು ಎಂದಿರಲ್ಲ, ಆ ಎರಡು ಅಂಕಿಗಳನ್ನು ದಯವಿಟ್ಟು ಇಂದೇ ಅಳಿಸಿ. ನಮ್ಮ ನಾಡಿನಲ್ಲಿ ‘ವಂಶ’ ಎಂದು ಖಾನೆ ಮಾಡಿದರೆ ಅದರಲ್ಲಿ ಏನು ತುಂಬುತ್ತದೆ ಎಂದು ಮೇಜಿನ ಸುತ್ತ ಕುಳಿತ ಆರೂ ಜನರಿಗೆ ಗೊತ್ತು. ಹೇಳಬೇಕಾಗಿಲ್ಲ.

ಮಿರ್ಚಿ ಮಂಡಕ್ಕಿ

ಮೇಡಂ, ಒಪ್ಪುತ್ತೇನೆ, ಆದರೆ ಒಂದು ಮಾತು. ಕಥೆಯ ಲೋಕ ಕೆಟ್ಟದ್ದಾಗಿರಲು ಹಕ್ಕಿದೆ. ಆಳುವವರು ಅನ್ಯಾಯದವರಾಗಿದ್ದರೆ ಅವರ ಸಂಖ್ಯೆಯೂ ಅನ್ಯಾಯದ್ದಾಗಿರಬೇಕಲ್ಲವೇ? ಎಲ್ಲವನ್ನೂ ತೊಳೆದುಬಿಟ್ಟರೆ ಆಟಗಾರರು ಯಾವುದರ ವಿರುದ್ಧ ಹೋರಾಡಬೇಕು?

ಚಂದ್ರವಳ್ಳಿ

ಹೋರಾಡುವುದಕ್ಕೆ ಮೊದಲು ಮಾತನಾಡಲು ಜಾಗ ಬೇಕು. ಆ ಹುಡುಗಿ ಹೇಳಿದ್ದೂ ಅದನ್ನೇ. ಅನ್ಯಾಯ ಕಥೆಯಲ್ಲಿರಲಿ, ಆದರೆ ಅದನ್ನು ಒಬ್ಬ ಮನುಷ್ಯ ಬಾಯಿಬಿಟ್ಟು ಮಾಡಲಿ. ಕಾವಲುಗಾರ ಕೇಳಲಿ, ಅನುಮಾನಿಸಲಿ, ಆಮೇಲೆ ಬಾಗಿಲು ಮುಚ್ಚಲಿ. ಆಗ ಅವನಿಗೆ ಉತ್ತರ ಕೊಡಬಹುದು, ಅವನ ಮನಸ್ಸನ್ನು ತಿರುಗಿಸಬಹುದು, ಕೊನೆಗೆ ಬೈಯಲೂಬಹುದು. ಅಂಕಿಗೆ ಏನು ಉತ್ತರ ಕೊಡುತ್ತೀರಿ?

ಹಳೆಯ ಸಂಖ್ಯೆಯನ್ನು ಕಥೆಯಿಂದ ಪೂರ್ತಿ ತೆಗೆಯಬೇಕೆಂದೂ ನಾನು ಹೇಳುವುದಿಲ್ಲ. ನಲವತ್ತು ವರ್ಷದ ಹಿಂದೆ ಅದನ್ನು ರದ್ದು ಮಾಡಿದರು, ಆದರೆ ಮುದುಕರ ಮಣಿಕಟ್ಟಿನಲ್ಲಿ ಇನ್ನೂ ಉಳಿದಿದೆ ಎಂದು ಬರೆಯಿರಿ. ಅಲ್ಲಿ ನೂರು ಕಥೆಗಳಿವೆ.

ತಾಳೆ ಲೆಕ್ಕ

ಗಣಿತ ಮೇಷ್ಟರ ಮಾತನ್ನೂ ಕೇಳಿ. ಒಳಗೆ ಏನೂ ಇಲ್ಲದ ಸಂಖ್ಯೆ ಸಪ್ಪೆ ಎಂದು ಮಿರ್ಚಿ ಅವರು ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಮನುಷ್ಯನ ಬಗ್ಗೆ ಒಂದಕ್ಷರವನ್ನೂ ಹೇಳದೆ, ತನ್ನ ಬಗ್ಗೆ ಮಾತ್ರ ಹೇಳುವ ಅಂಕಿ ಒಂದಿದೆ: ಕೊನೆಯ ತಾಳೆ ಅಂಕಿ. ಉಳಿದ ಅಂಕಿಗಳನ್ನು ಸರಿಯಾಗಿ ಬರೆದಿದ್ದಾರೆಯೇ ಎಂದು ಅದು ಹೇಳುತ್ತದೆ.

ಬ್ಯಾಂಕ್ ಕಾರ್ಡುಗಳಲ್ಲಿರುವುದು ಐಬಿಎಂನ ಹಾನ್ಸ್ ಪೀಟರ್ ಲೂನ್ ಅವರ ವಿಧಾನ. ಒಂದು ಬಿಟ್ಟು ಒಂದು ಅಂಕಿಯನ್ನು ಇಮ್ಮಡಿಸಿ ಕೂಡುವುದು. ಅದರಲ್ಲೊಂದು ಬಿರುಕಿದೆ: 09 ಹೋಗಿ 90 ಆದರೆ ಗೊತ್ತಾಗುವುದಿಲ್ಲ. 9ನ್ನು ಇಮ್ಮಡಿಸಿದರೆ 18, ಆ ಎರಡು ಅಂಕಿ ಕೂಡಿದರೆ ಮತ್ತೆ 9. 0 ಯಾವಾಗಲೂ 0. ಜಾಗ ಬದಲಾದರೂ ಮೊತ್ತ ಅದೇ. ಡಚ್ ಗಣಿತಜ್ಞ ಯಾಕೋಬಸ್ ವೆರ್‌ಹೂಫ್ 1969ರಲ್ಲಿ ಕೊಟ್ಟ ವಿಧಾನದಲ್ಲಿ ಈ ಬಿರುಕಿಲ್ಲ. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅದಲುಬದಲಾದರೂ ಹಿಡಿಯುತ್ತದೆ. ನಮ್ಮ ಆಧಾರ್‌ನ ಹನ್ನೆರಡನೆಯ ಅಂಕಿ ಅದೇ. ಆದರೆ ಅದಕ್ಕೆ ಕೋಷ್ಟಕ ಬೇಕು, ಮಂಡಕ್ಕಿ ತಿನ್ನುತ್ತ ಮಾಡುವ ಲೆಕ್ಕವಲ್ಲ.

ಮೇಜಿನ ಮೇಲೆ ಮಾಡಲು, ಪುಸ್ತಕಗಳ ಮೇಲೆ ಇರುತ್ತಿದ್ದ ಹಳೆಯ ಹತ್ತಂಕಿಯ ಐಎಸ್‌ಬಿಎನ್ ಸಂಖ್ಯೆಯ ವಿಧಾನ ಸಾಕು. ಹತ್ತು ಮುಖದ ದಾಳವನ್ನು ಒಂಬತ್ತು ಸಲ ಎಸೆಯಿರಿ. ನನಗೆ ಬಿದ್ದದ್ದು 4 1 7 2 0 9 5 3 6. ಎಡದಿಂದ ಕ್ರಮವಾಗಿ 10, 9, 8 ಹೀಗೆ 2ರವರೆಗೆ ಗುಣಿಸಿ: 40, 9, 56, 14, 0, 45, 20, 9, 12. ಮೊತ್ತ 205. ಅದನ್ನು 11ರಿಂದ ಶೇಷವಿಲ್ಲದೆ ಭಾಗಿಸಲು ಇನ್ನು 4 ಬೇಕು. 209 ಎಂದರೆ 11ರ ಹತ್ತೊಂಬತ್ತು ಪಟ್ಟು. ಹತ್ತನೆಯ ಅಂಕಿ 4. ಬೇಕಾದದ್ದು 10 ಆದರೆ ‘ಹ’ ಎಂದು ಬರೆಯಿರಿ. ಸಂಖ್ಯೆ: 4172095364.

ಈಗ ಕಳ್ಳನೊಬ್ಬ ಇದನ್ನು ಕದ್ದು ಕೇಳಿಸಿಕೊಂಡು 09ನ್ನು 90 ಎಂದು ಬರೆದ ಎನ್ನಿ. ಮೊತ್ತ 218 ಆಗುತ್ತದೆ. 11ರಿಂದ ಭಾಗಿಸಿದರೆ ಶೇಷ 9. ಬಾಗಿಲು ಕೂಗುತ್ತದೆ. ಎಸೆದ ದಾಳದಿಂದ ಹುಟ್ಟಿದ ಸಂಖ್ಯೆಯನ್ನು ಯಾವ ಆಟಗಾರನೂ ಮರೆಯುವುದಿಲ್ಲ, ನನ್ನ ವಿದ್ಯಾರ್ಥಿಗಳ ಜೊತೆ ಮಾಡಿ ನೋಡಿದ್ದೇನೆ.

ಶ್ರುತಿಪೆಟ್ಟಿಗೆ

ಮೇಷ್ಟರೇ, ಮರೆಯದಿರಲು ನಮ್ಮಲ್ಲಿ ಇನ್ನೂ ಹಳೆಯ ಉಪಾಯವಿದೆ. ನಾನು ದಾವಣಗೆರೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ಕಟಪಯಾದಿ ಪದ್ಧತಿಯಲ್ಲಿ ಅಕ್ಷರಕ್ಕೊಂದು ಅಂಕಿ: ಕ, ಟ, ಪ, ಯ ಎಂದರೆ 1, ಖ, ಠ, ಫ, ರ ಎಂದರೆ 2, ಹೀಗೆ ಮುಂದೆ. ನ ಮತ್ತು ಞ ಸೊನ್ನೆ. ಓದುವುದು ಹಿಂದುಮುಂದಾಗಿ. ಮೇಚಕಲ್ಯಾಣಿಯಲ್ಲಿ ಮ 5, ಚ 6, ತಿರುಗಿಸಿದರೆ 65. ಅದು 65ನೆಯ ಮೇಳಕರ್ತ (ಮೂಲ) ರಾಗ. ಧೀರಶಂಕರಾಭರಣದಲ್ಲಿ ಧ 9, ರ 2, ಅದು 29ನೆಯದು. ರಾಗದ ಹೆಸರಿನ ಒಳಗೇ ಅದರ ಸಂಖ್ಯೆ ಕುಳಿತಿದೆ.

ನಿಮ್ಮ 4172095364ನ್ನು ತೆಗೆದುಕೊಂಡು ನಿನ್ನೆ ರಾತ್ರಿ ಕುಳಿತೆ. 4172 ಎಂದರೆ ‘ರಸಕವಿ’. 09 ಎಂದರೆ ‘ಧನ’. 53 ಎಂದರೆ ‘ಬಾಣ’. 64 ಎಂದರೆ ‘ಭೂತ’. ರಸಕವಿ, ಧನ, ಬಾಣ, ಭೂತ. ನಾಲ್ಕು ಪದ, ಒಂದು ಹುಡುಗಿಯ ಇಡೀ ಸಂಖ್ಯೆ. ನಿಮ್ಮ ಕಳ್ಳ ‘ಧನ’ದ ಬದಲು ಅರ್ಥ ನೋಡಿಕೊಂಡು ‘ನಿಧಿ’ ಎಂದರೆ ಅದು 90 ಆಗಿಬಿಡುತ್ತದೆ, ಮೇಷ್ಟರ ತಾಳೆ ಅಂಕಿ ಅವನನ್ನು ಹಿಡಿಯುತ್ತದೆ! ಇದು ಹೊಂದಿಕೊಂಡಾಗ ನನಗೆ ಆದ ಸಂತೋಷಕ್ಕೆ ಮನೆಯವರನ್ನು ಎಬ್ಬಿಸಿ ಹೇಳಿದೆ.

ನೋಡಿ, ಇಲ್ಲಿ ಸಂಖ್ಯೆಯೊಳಗೆ ಮನುಷ್ಯನನ್ನು ತುರುಕಿಲ್ಲ. ಮನುಷ್ಯನೇ ಸಂಖ್ಯೆಗೆ ತನಗಿಷ್ಟವಾದ ಹೆಸರು ಕಟ್ಟಿಕೊಂಡಿದ್ದಾನೆ. ಬೇರೆಯವರಿಗೆ ಅದೇ ಸಂಖ್ಯೆ ಬೇರೆ ಪದಗಳಾಗಬಹುದು.

ತಾಳೆ ಲೆಕ್ಕ

ಅಮ್ಮಾ, ಇದನ್ನು ನಾಳೆಯೇ ತರಗತಿಯಲ್ಲಿ ಮಾಡಿಸುತ್ತೇನೆ.

ಕಾವಲಿನವನು

ಚಳ್ಳಕೆರೆ ತಾಲ್ಲೂಕಿನವನು, ಅಮೃತಮಹಲ್ ಕಾವಲಿನ ಅಂಚಿನ ಊರು. ನೀವೆಲ್ಲ ಸಂಖ್ಯೆಯನ್ನು ಖಾಲಿ ಮಾಡಿದರೆ ಸಾಕು ಎನ್ನುತ್ತಿದ್ದೀರಿ. ನಮ್ಮ ಕೊಟ್ಟಿಗೆಗೆ ಬನ್ನಿ. ಪ್ರತಿ ದನದ ಕಿವಿಯಲ್ಲಿ ಹಳದಿ ಬಿಲ್ಲೆ, ಅದರ ಮೇಲೆ 12 ಅಂಕಿ. ಬಿಲ್ಲೆಯನ್ನು ನೋಡಿದರೆ ನಿಮಗೆ ಏನೂ ತಿಳಿಯುವುದಿಲ್ಲ. ಆದರೆ ಪಶುವೈದ್ಯರು ಆ ಅಂಕಿಗಳನ್ನು ಮೊಬೈಲಿಗೆ ಒತ್ತಿದರೆ ತಳಿ, ಲಸಿಕೆ, ಯಜಮಾನನ ಹೆಸರು, ಎಲ್ಲ ಬರುತ್ತದೆ. ದನಕ್ಕೆ ಅದು ಒಳ್ಳೆಯದೇ. ಕಾಲುಬಾಯಿ ಜ್ವರದ ಚುಚ್ಚುಮದ್ದು ತಪ್ಪುವುದಿಲ್ಲ.

ಮನುಷ್ಯರಿಗೂ ಇದನ್ನು ಮಾಡಿದ್ದಾರೆ. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ತೋಳಿನ ಚರ್ಮದಡಿ ಇಡುವ ಚಿಪ್ ಒಂದಕ್ಕೆ ಒಪ್ಪಿಗೆ ಕೊಟ್ಟಿತ್ತು. ಅದರೊಳಗೆ ಇದ್ದದ್ದು 16 ಅಂಕಿಯ ಸಂಖ್ಯೆ, ಅಷ್ಟೇ. ಆರೋಗ್ಯದ ವಿವರ ಬೇರೆ ಕಡೆ. ಹಾಗಾದರೆ ನಾನು ಕೇಳುವುದು: ಬಿಲ್ಲೆ ಖಾಲಿ ಇರಲಿ, ಆದರೆ ಬಿಲ್ಲೆಯ ಆಚೆ ಇರುವ ಪುಸ್ತಕವನ್ನು ಯಾರು ತೆರೆಯಬಹುದು? ನನ್ನ ಹಸು ‘ನನ್ನ ಪುಟವನ್ನು ತೆರೆಯಬೇಡಿ’ ಎನ್ನಲಾರದು. ನಿಮ್ಮ ಆಟದ ಹುಡುಗಿ ಎನ್ನಬಲ್ಲಳೇ?

ಕೀಲಿಕೈ

ಕಾವಲಿನವರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ನಾನು ಇದೇ ಬಗೆಯ ತಂತ್ರಾಂಶದ ಕೆಲಸ ಮಾಡುವವನು, ಊರು ಹೊಳಲ್ಕೆರೆ.

ಆಧಾರ್ ಸಂಖ್ಯೆಯಲ್ಲಿ ನಿಮ್ಮ ಊರಿಲ್ಲ, ವಯಸ್ಸಿಲ್ಲ, ಲಿಂಗವಿಲ್ಲ. ಮೊದಲ ಅಂಕಿ 0 ಅಥವಾ 1 ಆಗುವುದಿಲ್ಲ, ಕೊನೆಯದು ತಾಳೆ ಅಂಕಿ, ಉಳಿದದ್ದು ಸುಮ್ಮನೆ ಬಿದ್ದ ಅಂಕಿಗಳು. ಆದರೆ ಅದೇ ಕಾರ್ಡಿನ ಮೇಲಿರುವ ಚೌಕುಳಿ ಕ್ಯೂಆರ್ ಸಂಕೇತದಲ್ಲಿ ಹೆಸರು, ವಿಳಾಸ, ಚಿತ್ರ ಎಲ್ಲವೂ ಇವೆ, ಜೊತೆಗೆ ಡಿಜಿಟಲ್ ಸಹಿ. ಸಂಖ್ಯೆ ಮೌನ, ಪಕ್ಕದಲ್ಲಿರುವ ಚೌಕ ವಾಚಾಳಿ. ಇನ್ನೊಂದು ತೊಡಕು: ಖಾಲಿ ಸಂಖ್ಯೆಯಾದರೂ ಅದೊಂದೇ ಸಂಖ್ಯೆಯನ್ನು ಹತ್ತು ಕಡೆ ಕೊಟ್ಟರೆ, ಆ ಹತ್ತು ಕಡೆಯವರು ಒಂದಾಗಿ ನಿಮ್ಮ ಜೀವನವನ್ನು ಹೊಲಿದುಬಿಡಬಹುದು. ಅದಕ್ಕೆಂದೇ 2018ರಲ್ಲಿ, ಆಧಾರ್ ಬದಲು ಕೊಡಬಹುದಾದ, ಬೇಕೆಂದಾಗ ಬದಲಿಸಿಕೊಳ್ಳಬಹುದಾದ 16 ಅಂಕಿಯ ತಾತ್ಕಾಲಿಕ ಸಂಖ್ಯೆಯನ್ನು ತಂದರು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರಲ್ಲ, ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದು ಆಧಾರ್ ಕುರಿತ ಮೊಕದ್ದಮೆಯಲ್ಲಿಯೇ ಹುಟ್ಟಿದ ಪ್ರಶ್ನೆ. ಇದನ್ನು ನಮ್ಮವರು ಹೆಚ್ಚು ಹೇಳಿಕೊಳ್ಳುವುದಿಲ್ಲ ಎಂಬ ಕೊರಗು ನನಗಿದೆ.

ಆಟಕ್ಕೆ ನನ್ನ ಸಲಹೆ. ಸಂಖ್ಯೆ ಮೇಷ್ಟರು ಹೇಳಿದಂತೆ ದಾಳದಿಂದ ಹುಟ್ಟಲಿ. ವಿವರಗಳು ಚಿಪ್ಪಿನೊಳಗೆ ಒಂದೊಂದಾಗಿ, ಒಂದೊಂದಕ್ಕೂ ಬೇರೆ ಸಹಿಯೊಂದಿಗೆ ಇರಲಿ. ಬಾಗಿಲ ಯಂತ್ರ ‘ಓದಿತು’ ಎನ್ನಬೇಡಿ, ‘ಕೇಳಿತು’ ಎನ್ನಿ. ಅದು ಹೌದು ಅಥವಾ ಇಲ್ಲ ಎಂಬ ಉತ್ತರ ಬರುವ ಪ್ರಶ್ನೆಯನ್ನು ಮಾತ್ರ ಕೇಳಬಲ್ಲದು. ‘ಹದಿನೆಂಟು ತುಂಬಿದೆಯೇ?’ ಎಂದರೆ ‘ಹೌದು’. ಹುಟ್ಟಿದ ದಿನ ಹೊರಗೆ ಬರುವುದಿಲ್ಲ. ‘ಎತ್ತರದಲ್ಲಿ ಕೆಲಸ ಮಾಡುವ ಪರವಾನಗಿ ಇದೆಯೇ?’ ಎಂದರೆ ‘ಹೌದು’. ಊರು ಹೊರಗೆ ಬರುವುದಿಲ್ಲ. ಇಂಥ ಉತ್ತರ ಕೊಡುವ ಗಣಿತ ಇಂದೇ ಇದೆ, 2190ಕ್ಕೆ ಕಾಯಬೇಕಿಲ್ಲ. ಪ್ರತಿ ಪ್ರಶ್ನೆಗೆ ಮೊದಲು ಆಟಗಾರರ ಮಣಿಕಟ್ಟು ಒಮ್ಮೆ ಬೆಚ್ಚಗಾಗಲಿ. ಅವರು ಒಪ್ಪಿದರೆ ಮಾತ್ರ ಉತ್ತರ. ಒಪ್ಪದಿದ್ದರೆ ಕಾವಲುಗಾರನಿಗೆ ಅನುಮಾನ ಬರುತ್ತದೆ, ಅಲ್ಲಿ ದಾಳ ಎಸೆಯಿರಿ.

ಮಿರ್ಚಿ ಮಂಡಕ್ಕಿ

ಇದು ಚೆನ್ನಾಗಿದೆ. ಸೋತೆ ಎನ್ನಲು ಬೇಸರವಿಲ್ಲ. ಸಂಖ್ಯೆಯನ್ನು ಬಿಡಿಸುವ ಸಂತೋಷಕ್ಕಿಂತ ಯಾವ ಪ್ರಶ್ನೆಗೆ ಒಪ್ಪಬೇಕು ಎಂದು ತೂಗುವುದೇ ದೊಡ್ಡ ಆಟ. ಹಳೆಯ 18 ಅಂಕಿಯ ಮುದುಕರನ್ನು ಮಾತ್ರ ಬಿಡಬೇಡಿ, ಚಂದ್ರವಳ್ಳಿ ಮೇಡಂ ಹೇಳಿದ ಆ ಕಥೆ ನನಗೆ ಬೇಕು.

ಬ್ರಹ್ಮಗಿರಿ ಬಂಡೆ

ತಡವಾಗಿ ಬಂದೆ, ಮೊಳಕಾಲ್ಮೂರಿನಿಂದ. ಹಳೆಯ ಸಂಖ್ಯೆಗಳ ಮಾತು ಬಂದದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಬ್ರಹ್ಮಗಿರಿಯ ಅಶೋಕನ ಶಾಸನದಲ್ಲಿ 256 ಎಂಬ ಸಂಖ್ಯೆ ಇದೆ. ಬಂಡೆಯ ಮೇಲೆ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಮಳೆ ಬಿದ್ದರೂ ಅಂಕಿ ಉಳಿದಿದೆ. ಅದರ ಅರ್ಥದ ಬಗ್ಗೆ ಮಾತ್ರ ವಿದ್ವಾಂಸರು ಬಹುಕಾಲ ಜಗಳವಾಡಿದರು. ಬುದ್ಧ ತೀರಿಕೊಂಡು 256 ವರ್ಷ ಎಂದು ಮೊದಲು ಕೆಲವರು ಹೇಳಿದರು. ಯಾತ್ರೆಯಲ್ಲಿ ಕಳೆದ 256 ರಾತ್ರಿಗಳು ಎಂದು ಈಚಿನ ಹೆಚ್ಚಿನವರು ಓದುತ್ತಾರೆ. ಅದೇ ಬಂಡೆಯಲ್ಲಿ, ಕೆತ್ತಿದ ಲಿಪಿಕಾರ ಚಪಡ ತನ್ನ ಹೆಸರನ್ನು ಹೇಳಿ, ‘ಲಿಪಿಕಾರನಿಂದ’ ಎಂಬ ಒಂದು ಪದವನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಆ ಲಿಪಿ ದೂರದ ವಾಯವ್ಯದ್ದು. ತಾನು ಎಲ್ಲಿಂದ ಬಂದವನು ಎಂಬುದನ್ನು ಯಾರೂ ಕೇಳದಿದ್ದರೂ, ತಾನಾಗಿ, ತನ್ನ ಕೈಯಿಂದ ಬಿಟ್ಟುಹೋದ ಗುರುತು ಅದು ಎಂದು ನನಗೆ ಅನ್ನಿಸುತ್ತದೆ. ಪ್ರತಿ ಸಲ ಅಲ್ಲಿಗೆ ಹೋದಾಗಲೂ ನಾನು ಹುಡುಕುವುದು ಆ ಒಂದು ಪದವನ್ನು.

ನಿಮ್ಮ ಕಥೆಯ ಮುದುಕರ 18 ಅಂಕಿಗೂ ಇದೇ ಆಗಲಿ. ಅಂಕಿ ಇದೆ, ಅದನ್ನು ಬಿಡಿಸುವ ಪುಸ್ತಕ ಸುಟ್ಟುಹೋಗಿದೆ, ಒಬ್ಬೊಬ್ಬರು ಒಂದೊಂದು ಅರ್ಥ ಹೇಳುತ್ತಾರೆ.

ಹರಪನಹಳ್ಳಿ ಮಗಳು

ಪುಸ್ತಕ ಸುಟ್ಟುಹೋಗಿದೆ ಎಂಬಲ್ಲಿ ಚಂದ್ರವಳ್ಳಿ ಮೇಡಂ ಒಂದು ಮಾತು ಸೇರಿಸುತ್ತಾರೆ ಎಂದುಕೊಂಡಿದ್ದೆ.

ಚಂದ್ರವಳ್ಳಿ

ಸೇರಿಸುತ್ತೇನೆ. 1943ರ ಮಾರ್ಚ್ 27ರ ರಾತ್ರಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕೆಲವರು ಪೊಲೀಸರ ವೇಷದಲ್ಲಿ ಜನನೋಂದಣಿ ಕಚೇರಿಗೆ ನುಗ್ಗಿ ಬೆಂಕಿ ಹಚ್ಚಿದರು. ಯಹೂದಿಗಳನ್ನು ಹುಡುಕಲು ನಾಜಿಗಳು ಬಳಸುತ್ತಿದ್ದ ಚೀಟಿಗಳು ಅಲ್ಲಿದ್ದವು. ಸುಟ್ಟದ್ದು ಒಂದು ಭಾಗ ಮಾತ್ರ. ಅವರಲ್ಲಿ ಹೆಚ್ಚಿನವರನ್ನು ಹಿಡಿದು ಗುಂಡಿಟ್ಟರು. ದಾಳ ಅವರೇ, ನಿಮ್ಮ ಕಥೆಯಲ್ಲಿ ಆ ಪುಸ್ತಕವನ್ನು ಸುಟ್ಟವರು ಯಾರು ಎಂಬುದನ್ನು ಆಟಗಾರರು ಎಂದಾದರೂ ಕಂಡುಹಿಡಿಯಲಿ. ಅದನ್ನು ನೀವಾಗಿ ಹೇಳಬೇಡಿ.

ದುರ್ಗದ ದಾಳ

ಎರಡು ವಾರ ಉತ್ತರಿಸಲಾಗಲಿಲ್ಲ, ಕ್ಷಮಿಸಿ. ಹಳೆಯ ಹಾಳೆಗಳನ್ನೆಲ್ಲ ಹಿಂದಕ್ಕೆ ಪಡೆದು ಹೊಸದಾಗಿ ಬರೆಸಿದೆ. ಆರು ಜನರೂ ಒಂಬತ್ತು ಸಲ ದಾಳ ಎಸೆದರು. ತಾಳೆ ಅಂಕಿಯ ಲೆಕ್ಕ ಮಾಡುವಾಗ ಮಹಡಿಯಲ್ಲಿ ಪರೀಕ್ಷಾ ಕೊಠಡಿಯಷ್ಟು ಮೌನ. ಒಬ್ಬನಿಗೆ ‘ಹ’ ಬಂತು, ಅವನಿಗೆ ಅದೇ ದೊಡ್ಡ ಹೆಮ್ಮೆ. ಶ್ರುತಿಪೆಟ್ಟಿಗೆ ಅಮ್ಮ ಹೇಳಿದ ಕಟಪಯಾದಿ ಕೋಷ್ಟಕವನ್ನು ಗೋಡೆಗೆ ಅಂಟಿಸಿದ್ದೇವೆ. ನಮ್ಮ ಕಿರಿಯಳು ಅನುಮತಿ ಕೇಳಿ 4172095364ನ್ನೇ ಇಟ್ಟುಕೊಂಡಳು. ‘ರಸಕವಿ’ ಎಂಬ ಪದವನ್ನು ಬಿಡಲು ಮನಸ್ಸಿಲ್ಲವಂತೆ.

ಮೊನ್ನೆ ಭಾನುವಾರ ಮತ್ತೆ ಅದೇ ಐದನೆಯ ಬಾಗಿಲು. ಯಂತ್ರ ಕೇಳಿತು: ಎತ್ತರದ ಪರವಾನಗಿ ಇದೆಯೇ? ಮಣಿಕಟ್ಟು ಬೆಚ್ಚಗಾಯಿತು ಎಂದೆ. ಅವಳು ಒಪ್ಪಿದಳು. ಹೌದು. ಎರಡನೆಯ ಪ್ರಶ್ನೆ: ಮೇಲಿನ ಸುತ್ತಿನಲ್ಲಿ ಹುಟ್ಟಿದವಳೇ? ಅವಳು ಒಪ್ಪಲಿಲ್ಲ. ಯಂತ್ರ ಸುಮ್ಮನಾಯಿತು. ಕಾವಲುಗಾರನಾಗಿ ನಾನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ‘ಯಾವ ಕಡೆಯವಳಮ್ಮ ನೀನು?’ ಎಂದು ಕೇಳಿದೆ.

ಅವಳು ದಾಳವನ್ನು ಕೈಯಲ್ಲೇ ಹಿಡಿದು ಸ್ವಲ್ಪ ಹೊತ್ತು ಕುಳಿತಳು. ಏನಾದರೂ ಕಟ್ಟಿ ಹೇಳಬಹುದಿತ್ತು, ಉಳಿದವರೆಲ್ಲ ಸನ್ನೆ ಮಾಡುತ್ತಿದ್ದರು. ‘ಕೆಳಗಿನವಳು’ ಎಂದಳು. ‘ಸಂತೆಹೊಂಡದ ದಡ. ಇಲ್ಲಿ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ನಮ್ಮ ಕಡೆಗೆ ಬರುತ್ತದೆ. ಈ ವರ್ಷ ಇನ್ನೂ ಬಂದಿಲ್ಲ. ನಿಮ್ಮಲ್ಲಿ ತುಂಬಿದೆಯೇ?’

ಈ ಪ್ರಶ್ನೆಗೆ ನನ್ನ ಟಿಪ್ಪಣಿಗಳಲ್ಲಿ ಉತ್ತರವಿರಲಿಲ್ಲ. ‘ಇಲ್ಲ, ಇಲ್ಲಿಯೂ ಮೆಟ್ಟಿಲು ಕಾಣುತ್ತಿವೆ’ ಎಂದೆ. ಆಮೇಲೆ ಹತ್ತು ನಿಮಿಷ ಕಾವಲುಗಾರ ಮತ್ತು ಕೆಲಸಗಾರ್ತಿ ಬಾಗಿಲಿನಲ್ಲಿ ನಿಂತು ನೀರಿನ ಬಗ್ಗೆ ಮಾತನಾಡಿದರು. ಬಾಗಿಲು ತೆರೆಯಿತೇ ಇಲ್ಲವೇ ಎಂಬುದು ಮುಂದಿನ ಭಾನುವಾರಕ್ಕೆ ಉಳಿದಿದೆ.